ನೇಯುವವರ ಊರಿಗೆ ಹಳೆಬಟ್ಟೆ

ಮೂಟೆಯ ಬಾಯಿ ಬಿಚ್ಚುತ್ತಿದ್ದ ಹಾಗೆ ಡಾಂಬರ್ ಗುಳಿಗೆಯ ವಾಸನೆ ಮೂಗಿಗೆ ಹೊಡೆಯುತ್ತದೆ. ಅದರ ಹಿಂದೆಯೇ ಮುಗ್ಗಿದ ಬಟ್ಟೆಯ ವಾಸನೆ. ನೀವು ತೆಲಂಗಾಣದ ಕೃಷ್ಣಾ ಮಂಡಲದ ಒಂದು ಹಳ್ಳಿಯಲ್ಲಿ, ಶಾಲೆಯ ಜಗಲಿಯ ಮೇಲೆ ಕೂತಿದ್ದೀರಿ. ಗೇಟಿನ ಫಲಕ ತೆಲುಗಿನಲ್ಲಿದೆ, ಒಳಗೋಡೆಯ ಮೇಲಿನ ಅಕ್ಷರಮಾಲೆ ಕನ್ನಡದ್ದು. ಭೀಮೆ ಬಂದು ಕೃಷ್ಣೆಯನ್ನು ಕೂಡುವ ತಂಗಿಡಿ ಇಲ್ಲಿಂದ ದೂರವಿಲ್ಲ. ಹೊಳೆ ದಾಟಿದರೆ ರಾಯಚೂರು.

ವ್ಯಾನು ಹೈದರಾಬಾದಿನ ಕೋಕಾಪೇಟೆಯಿಂದ ಬೆಳಗಿನ ಐದಕ್ಕೇ ಹೊರಟಿದೆ. ಜಡ್ಚರ್ಲಾ, ಮಹಬೂಬ್‌ನಗರ, ದೇವರಕದ್ರ, ಮರಿಕಲ್, ಮಕ್ತಲ್ ದಾಟಿ ಇಲ್ಲಿಗೆ ಬಂದು ನಿಂತಿದೆ. ಇಳಿದವರು ಇಬ್ಬರು ಹುಡುಗರು, ಒಬ್ಬ ಹುಡುಗಿ. ಮೂವರೂ ಸಾಫ್ಟ್‌ವೇರ್ ಕೆಲಸದವರು, ಭಾನುವಾರದ ನಿದ್ದೆ ಬಿಟ್ಟು ಬಂದವರು. ಡೀಸೆಲ್ ದುಡ್ಡು ಕೂಡ ಅವರದೇ. ಅವರ ಒಳ್ಳೆಯತನದ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದ್ದರಿಂದಲೇ ಈ ಮೂಟೆಯನ್ನು ತಳದವರೆಗೂ ನೋಡಬೇಕು ಅನ್ನುತ್ತೇನೆ.

ಹತ್ತಿ ಬಿಡಿಸುವ ಹಂಗಾಮು. ಕೈಕಾಲು ಗಟ್ಟಿ ಇರುವ ಹೆಂಗಸರೆಲ್ಲ ಬೆಳಕು ಹರಿಯುವ ಮೊದಲೇ ಹೊಲ ಸೇರಿದ್ದಾರೆ. ಜಗಲಿಯ ಮುಂದೆ ನಿಂತವರು ಮುದುಕಿಯರು, ಮಕ್ಕಳು, ಕಾಲು ಮುರಿದು ಮನೆಯಲ್ಲಿರುವ ಒಬ್ಬ ಮೇಸ್ತ್ರಿ. ಬಟ್ಟೆ ಯಾರಿಗೆ ಬೇಕಾಗಬಹುದೋ ಅವರು ಇಲ್ಲಿಲ್ಲ. ಬರುವ ಮೊದಲು ಯಾರೂ ಫೋನು ಮಾಡಿ ಕೇಳಿರಲಿಲ್ಲ.

ಮೊದಲು ಹೊರಬಂದದ್ದು ಕಪ್ಪು ಗೌನು. ಎದೆಯ ಮೇಲೆಲ್ಲ ಮಿಂಚಿನ ಬಿಲ್ಲೆ, ಬೆನ್ನು ಪೂರ್ತಿ ತೆರೆದದ್ದು. ಅಜ್ಜಿಯೊಬ್ಬಳು ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಮುಂದೆ ಯಾವುದು ಹಿಂದೆ ಯಾವುದು ಎಂದು ತಿರುಗಿಸಿ ನೋಡುತ್ತಾಳೆ. "ಇದನ್ನ ತೊಟಗೊಂಡು ನಮ್ಮ ಹುಡುಗಿ ಹತ್ತಿ ಬಿಡಸಾಕ ಹೋಗ್ಲೇನವ್ವಾ?" ಎಂದು ಬಂದ ಹುಡುಗಿಯನ್ನೇ ಕೇಳುತ್ತಾಳೆ. ಕೇಳುವುದರಲ್ಲಿ ಕೊಂಕಿಲ್ಲ. ನಿಜವಾಗಿಯೂ ಉತ್ತರ ಬೇಕಾಗಿದೆ ಆಕೆಗೆ. ಹುಡುಗಿಯ ಮುಖ ಕೆಂಪಾಗುತ್ತದೆ.

ಆಮೇಲೆ ಉಣ್ಣೆಯ ಉದ್ದ ಕೋಟು. ಬೇಸಿಗೆಯಲ್ಲಿ ಬಂಡೆ ಬಿರಿಯುವ ಬಿಸಿಲಿನ ನಾಡಿನಲ್ಲಿ ಇದನ್ನು ಎಲ್ಲಿ ತೂಗುಹಾಕಬೇಕು ಎಂದು ಯಾರಿಗೂ ಹೊಳೆಯುವುದಿಲ್ಲ. ಜಿಪ್ ಕಿತ್ತ ಜೀನ್ಸು, ಲಂಗವಿಲ್ಲದ ಲೆಹಂಗಾದ ಕುಪ್ಪಸ, ಕಂಪನಿಯ ಹೆಸರು ಅಚ್ಚಾದ ಟೀ ಶರ್ಟುಗಳ ರಾಶಿ, ಎರಡು ಟೈ. ಮಗುವಿನ ಒಂದು ಬೂಟು. ಅದರ ಜೋಡಿಗಾಗಿ ನಾಲ್ಕನೆಯ ತರಗತಿಯ ಹುಡುಗನೊಬ್ಬ ಮೂಟೆಯೊಳಗೆ ಭುಜದವರೆಗೆ ಕೈ ಇಳಿಸಿ ಹುಡುಕುತ್ತಾನೆ, ಸಿಗುವುದಿಲ್ಲ, ಇನ್ನೊಂದು ಮೂಟೆಗೆ ಹೋಗುತ್ತಾನೆ. ತಳದಲ್ಲಿ ಪ್ಲಾಸ್ಟಿಕ್ ಚೀಲವೊಂದರಲ್ಲಿ ಅರ್ಧ ಕತ್ತರಿಸಿದ ಮಾತ್ರೆಯ ಪಟ್ಟಿಗಳು; ಅವಧಿ ಮುಗಿದಿದೆ. ಅದರ ಕೆಳಗೆ ಉಪಯೋಗಿಸಿ ಸವೆದ ಒಳಉಡುಪು. ಮೇಷ್ಟ್ರು ತಟ್ಟನೆ ಅದರ ಮೇಲೊಂದು ದುಪಟ್ಟಾ ಎಸೆದು ಮುಚ್ಚುತ್ತಾರೆ. ಮಕ್ಕಳು ಆಗಲೇ ನೋಡಿಬಿಟ್ಟಿದ್ದಾರೆ.

ಇದನ್ನೆಲ್ಲ ನೋಡುತ್ತ ಕೂತ ಇನ್ನೊಬ್ಬ ಮುದುಕಿ ಏನೂ ಮಾತಾಡದೆ ತನ್ನ ಕೆಲಸ ಶುರುಮಾಡಿದ್ದಾಳೆ. ಒಂದೊಂದೇ ಬಟ್ಟೆಯ ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜುತ್ತಾಳೆ. ಹತ್ತಿಯಾದರೆ ಎಡಕ್ಕೆ, ಅಲ್ಲದಿದ್ದರೆ ಬಲಕ್ಕೆ. ಬಣ್ಣ, ಅಳತೆ, ಹರುಕು ಯಾವುದನ್ನೂ ನೋಡುವುದಿಲ್ಲ. ಎಡಗಡೆಯದು ಕೌದಿಗೆ. ಈ ಸೀಮೆಯಲ್ಲಿ ಹತ್ತಿ ಸೀರೆಗೆ ದೊಡ್ಡ ಆಯುಷ್ಯವಿದೆ: ಉಟ್ಟು ಹಳತಾದ ಮೇಲೆ ಕೂಸಿನ ಜೋಲಿ, ಆಮೇಲೆ ಕೌದಿಯ ಪದರ, ಕೌದಿ ಹರಿದ ಮೇಲೆ ಒಲೆಯ ಮುಂದಿನ ಮಸಿ ಅರಿವೆ, ಕಡೆಗೆ ಮಣ್ಣು. ಕೂಲಿಗೆ ಹೋಗಿ ಬಂದವರ ಮನೆಯಲ್ಲಿ ಬಟ್ಟೆ ಕಸವಾಗುವುದು ಅಷ್ಟು ನಿಧಾನ. ಆದರೆ ಆಕೆಯ ಬಲಗಡೆಯ ಗುಡ್ಡೆ ಎಡಗಡೆಗಿಂತ ಮೂರು ಪಟ್ಟು ಎತ್ತರವಾಗಿದೆ. ಪಾಲಿಯೆಸ್ಟರ್ ಸೂಜಿಗೆ ಬಗ್ಗುವುದಿಲ್ಲ, ಬೆವರು ಹೀರುವುದಿಲ್ಲ, ಮಣ್ಣಿನಲ್ಲಿ ಕರಗುವುದಿಲ್ಲ.

"ಒಂದು ಫೋಟೋ ತಗೊಳ್ಳೋಣ" ಎನ್ನುತ್ತಾನೆ ಹುಡುಗರಲ್ಲೊಬ್ಬ. ಕೊಟ್ಟವರಿಗೆ ತೋರಿಸಬೇಕು, ತಪ್ಪೇನಲ್ಲ ಎಂಬ ನಂಬಿಕೆ ಅವನದು. ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಾರೆ. ಕೈಗೊಂದು ಬಟ್ಟೆ. ಅಜ್ಜಿಯರಿಬ್ಬರು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಕಂಬದ ಮರೆಗೆ ಸರಿಯುತ್ತಾರೆ. ಕಾಲು ಮುರಿದ ಮೇಸ್ತ್ರಿ ಎದ್ದು ಕೋಲು ಊರಿಕೊಂಡು ಮನೆಯ ಕಡೆ ನಡೆಯುತ್ತಾನೆ, ಹಿಂತಿರುಗಿ ನೋಡುವುದಿಲ್ಲ.

ಎಲ್ಲ ಮುಗಿದ ಮೇಲೆ ಉಳಿದ ಗುಡ್ಡೆಯ ಮುಂದೆ ನಿಂತು ಶಾಲೆಯ ಆಯಾ ಕೇಳುತ್ತಾಳೆ: "ಇದನ್ನೆಲ್ಲಿ ಹಾಕ್ಲಿ ಸಾರ್?" ಊರಿನಲ್ಲಿ ಕಸದ ಲಾರಿ ಇಲ್ಲ. ಇರುವುದು ಎರಡೇ ದಾರಿ: ಹಳ್ಳದ ಪಕ್ಕ ಸುರಿಯುವುದು ಅಥವಾ ಬೆಂಕಿ ಹಚ್ಚುವುದು. ಬೆಂಕಿ ಹಚ್ಚಿದರೆ ಕರಿಹೊಗೆ ಇದೇ ಜಗಲಿಗೆ ಬರುತ್ತದೆ. ಮೇಷ್ಟ್ರು ತಲೆ ಅಲ್ಲಾಡಿಸುತ್ತಾರೆ. ಕಡೆಗೆ ಹುಡುಗರೇ ಮತ್ತೆ ಮೂಟೆ ಕಟ್ಟಿ ವ್ಯಾನಿಗೆ ಏರಿಸುತ್ತಾರೆ. "ನಾರಾಯಣಪೇಟೆಯಲ್ಲಿ ಕೊಡೋಣ, ಅಲ್ಲಿ ನೇಕಾರರು ಬಹಳ ಬಡವರಂತೆ" ಎಂಬ ಮಾತು ಬರುತ್ತದೆ. ನೀವೂ ಹತ್ತಿ ಕೂರುತ್ತೀರಿ.

ಮಕ್ತಲ್‌ಗೆ ವಾಪಸಾಗುವ ದಾರಿಯಲ್ಲಿ ಹುಡುಗಿ ಮೂಟೆಗಳ ಹುಟ್ಟಿನ ಕಥೆ ಹೇಳುತ್ತಾಳೆ. ಆಕೆ ಇರುವ ಅಪಾರ್ಟ್‌ಮೆಂಟ್‌ನಲ್ಲಿ ಆರುನೂರು ಮನೆ. ದಸರಾದ ಆನ್‌ಲೈನ್ ಸೇಲ್ ಮುಗಿದ ವಾರ ಗೇಟಿನ ಹತ್ತಿರ ರಟ್ಟಿನ ಪೆಟ್ಟಿಗೆಗಳ ಗೋಡೆಯೇ ಏಳುತ್ತದೆ. ಹೊಸದು ಬಂದರೆ ಕಪಾಟಿನಲ್ಲಿ ಜಾಗ ಬೇಕು. ದೀಪಾವಳಿಗೆ ಮನೆ ಚೊಕ್ಕ ಮಾಡುವ ನೆಪವೂ ಸೇರುತ್ತದೆ. ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಹಾಕಿದರೆ ಸಾಕು, ಒಂದೇ ಸಂಜೆಯಲ್ಲಿ ನೆಲಮಾಳಿಗೆ ತುಂಬುತ್ತದೆ. ಬೆಲೆಚೀಟಿ ಕಿತ್ತಿರದ ಬಟ್ಟೆಗಳೂ ಬರುತ್ತವಂತೆ. ಭಾರತದಲ್ಲಿ ವರ್ಷಕ್ಕೆ ಸುಮಾರು 78 ಲಕ್ಷ ಟನ್ ಜವಳಿ ಕಸ ಕೂಡುತ್ತದೆ ಎಂಬ ಲೆಕ್ಕ 2022ರಲ್ಲಿ ಬಂತು. ಅದರಲ್ಲಿ ಅರ್ಧದಷ್ಟು ಮನೆಗಳಿಂದಲೇ ಹೊರಬಿದ್ದದ್ದು. ಆರುನೂರು ಮನೆಯ ನೆಲಮಾಳಿಗೆ ನೋಡಿದವರಿಗೆ ಅದು ಅಚ್ಚರಿ ಅನ್ನಿಸುವುದಿಲ್ಲ.

ಊಟದ ಕಥೆಯೂ ಹೀಗೇ. ಕ್ಲಬ್‌ಹೌಸಿನಲ್ಲಿ ಹುಟ್ಟುಹಬ್ಬ ನಡೆದರೆ ಮಧ್ಯಾಹ್ನ ಮಾಡಿದ ಬಿರಿಯಾನಿ ರಾತ್ರಿ ಹನ್ನೊಂದಕ್ಕೆ ಪಕ್ಕದ ಕಟ್ಟಡದ ಕೂಲಿಗಳ ಶೆಡ್ಡಿಗೆ ಹೋಗುತ್ತದೆ. ಅಷ್ಟು ಹೊತ್ತಿಗೆ ಅವರು ಉಂಡು ಮಲಗಿರುತ್ತಾರೆ, ಅನ್ನ ಹಳಸಿರುತ್ತದೆ, ಎಬ್ಬಿಸಿದವರ ಮುಖ ನೋಡಿ ಬೇಡವೆನ್ನಲೂ ಆಗುವುದಿಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯ ಪ್ರಕಾರ ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕಿಲೋ ಆಹಾರ ಪೋಲಾಗುತ್ತದೆ. ನೀವು ಇದೀಗ ಬಿಟ್ಟುಬಂದ ಊರಿನ ಮನೆಯೂ ಈ ಸರಾಸರಿಯೊಳಗೇ ಸೇರಿಹೋಗಿದೆ, ಕೋಕಾಪೇಟೆಯ ಮನೆಯೂ ಸೇರಿದೆ.

ಆ ಕೋಕಾಪೇಟೆಯ ನೆಲದ ಬೆಲೆ ಗೊತ್ತಿರಬೇಕು. 2023ರ ಆಗಸ್ಟ್‌ನ ಹರಾಜಿನಲ್ಲಿ ಅಲ್ಲಿ ಒಂದು ಎಕರೆ 100 ಕೋಟಿ ರೂಪಾಯಿ ದಾಟಿತು. ಆ ನೆಲದ ಮೇಲೆ ಏಳುತ್ತಿರುವ ಗೋಪುರಗಳಿಗೆ ಸ್ಲ್ಯಾಬ್ ಹಾಕುವವರಲ್ಲಿ, ಪಾಯ ತೋಡುವವರಲ್ಲಿ, ಇಟ್ಟಿಗೆ ಹೊರುವವರಲ್ಲಿ ಮಕ್ತಲ್, ನಾರಾಯಣಪೇಟೆ ಕಡೆಯವರು ಇದ್ದಾರೆ. ಪಾಲಮೂರು ಲೇಬರ್ ಎಂಬ ಹೆಸರು ದೇಶದ ಯಾವ ಕಂಟ್ರಾಕ್ಟರನಿಗೆ ಗೊತ್ತಿಲ್ಲ? ಪಾಲಮೂರು ಅಂದರೆ ಹಳೆಯ ಮಹಬೂಬ್‌ನಗರ ಜಿಲ್ಲೆ. ಅಣೆಕಟ್ಟು, ಕಾಲುವೆ, ಹೆದ್ದಾರಿ ಎಲ್ಲಿ ಮಣ್ಣು ಅಗೆಯಬೇಕೋ ಅಲ್ಲಿಗೆ ಇಲ್ಲಿಯ ಜನ ಹೋದರು. ಗುಂಪು ಮೇಸ್ತ್ರಿ ಮುಂಗಡ ಕೊಡುತ್ತಾನೆ, ಗಂಡ ಹೆಂಡತಿ ಜೋಡಿಯಾಗಿ ಹೊರಡುತ್ತಾರೆ, ಮುಂಗಡ ತೀರುವವರೆಗೆ ಅವನು ಹೇಳಿದಲ್ಲಿ ದುಡಿಯುತ್ತಾರೆ. ಈಗ ಮುಂಬೈ, ಪುಣೆ, ಬೆಂಗಳೂರು, ಹೈದರಾಬಾದು. ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗುವವರು ಕೆಲವರು, ಸೊಂಟಕ್ಕೆ ಕಟ್ಟಿಕೊಂಡು ಹೋಗುವವರು ಕೆಲವರು.

ಜಗಲಿಯಿಂದ ಎದ್ದು ಹೋದ ಆ ಮೇಸ್ತ್ರಿ ಕಾಲು ಮುರಿದುಕೊಂಡದ್ದು ಅಂಥ ಒಂದು ಕಟ್ಟಡದ ಹನ್ನೆರಡನೆಯ ಅಂತಸ್ತಿನ ಸಾರುವೆಯ ಮೇಲೆ ಎಂದು ಮೇಷ್ಟ್ರು ಹೇಳಿದ್ದರು. ಚಿಕಿತ್ಸೆಗೆ ಒಂದಿಷ್ಟು ಕೊಟ್ಟು ಕಳಿಸಿದರಂತೆ. ಬಾಕಿ ಕೂಲಿ ಬಂದಿಲ್ಲ. ನನ್ನ ಮಾತು ಇಷ್ಟೇ: ಈ ಊರಿಗೆ ಆ ಊರಿನಿಂದ ಬರಬೇಕಾದದ್ದು ಬಾಕಿ, ಬರುತ್ತಿರುವುದು ದಾನ. ಬಾಕಿಗೆ ಲೆಕ್ಕವಿರುತ್ತದೆ, ಕೇಳುವ ಹಕ್ಕಿರುತ್ತದೆ. ದಾನಕ್ಕೆ ಎರಡೂ ಇಲ್ಲ. ಮಕ್ಕಳ ಕೈಗೆ ಟೀ ಶರ್ಟು ಕೊಟ್ಟು ಫೋಟೋ ತೆಗೆದುಕೊಂಡವರಿಗೆ ಆ ಮಕ್ಕಳ ಅಪ್ಪನ ಕೂಲಿ ಚೀಟಿ ನೋಡುವ ಅವಕಾಶ ಯಾರೂ ಮಾಡಿಕೊಡಲಿಲ್ಲ. ಅವರಿಗೂ ಕೇಳಬೇಕು ಅನ್ನಿಸಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನಾರಾಯಣಪೇಟೆ. 2019ರ ಫೆಬ್ರುವರಿಯಲ್ಲಿ ಜಿಲ್ಲೆಯಾದ ಊರು. ಬಜಾರಿನಲ್ಲಿ ಒಂದೇ ಅಂಗಡಿಯ ಮುಂದೆ ನಿಂತರೆ ತೆಲುಗು, ಕನ್ನಡ, ಮರಾಠಿ, ಉರ್ದು ನಾಲ್ಕೂ ಕಿವಿಗೆ ಬೀಳುತ್ತವೆ. ಓಣಿಗೆ ತಿರುಗಿದೊಡನೆ ಮಗ್ಗದ ಸದ್ದು. ವ್ಯಾನಿನ ಹಿಂದಿನ ಬಾಗಿಲು ತೆಗೆಯುವುದನ್ನು ನೋಡಿ ನೇಕಾರನೊಬ್ಬ ಮಗ್ಗದ ಕುಣಿಯಿಂದ ಮೇಲೆದ್ದು ಬರುತ್ತಾನೆ. ಸುಮಾರು ಐವತ್ತೈದರ ವಯಸ್ಸು, ಬನಿಯನ್ನು, ಕನ್ನಡಕ.

ಹುಡುಗ ವಿವರಿಸುತ್ತಾನೆ. ನೇಕಾರ ಪೂರ್ತಿ ಕೇಳಿಸಿಕೊಂಡು, "ಕುಂದ್ರ್ರಿ, ಚಾ ಕುಡೀರಿ" ಎನ್ನುತ್ತಾನೆ. ಮೂಟೆ ಬಿಚ್ಚಲು ಬಿಡುವುದಿಲ್ಲ. ಒಳಗೆ ಕರೆದು ಮಗ್ಗ ತೋರಿಸುತ್ತಾನೆ. ಚೌಕುಳಿ ಮೈ, ಅಂಚಿಗೆ ಗುಡಿಯ ಶಿಖರದ ಸಾಲು, ನಾರಾಯಣಪೇಟೆ ಸೀರೆಯ ಗುರುತೇ ಅದು. ಇಲ್ಲಿಯ ರೂಢಿಯಲ್ಲಿ ಒಂದು ಸಲ ಹಾಸು ಹೂಡಿದರೆ ಎಂಟು ಸೀರೆ. ನೇಯ್ದು ಸುತ್ತಿದ ಭಾಗವನ್ನು ಅವನು ಒಂದಿಷ್ಟು ಬಿಚ್ಚಿ ಹುಡುಗಿಯ ಕೈಗೆ ಕೊಡುತ್ತಾನೆ. "ನಾವು ನೇಯೋರವ್ವಾ. ನಮಗ ಹಳೀ ಅರಿವಿ ಕೊಟ್ರ ನಾವೇನು ಮಾಡೋಣ? ನಾವು ನೇಯ್ದದ್ದು ಯಾರು ತಗೋತಾರು ಹೇಳು." ದನಿ ಏರಿಲ್ಲ. ಹುಡುಗಿ ಬಟ್ಟೆಯನ್ನು ಹಿಡಿದುಕೊಂಡೇ ಇದ್ದಾಳೆ.

ಈ ಓಣಿಗೆ ಕಷ್ಟ ಬಂದದ್ದು ಬಟ್ಟೆ ಕಡಿಮೆಯಾಗಿ ಅಲ್ಲ, ಅಗ್ಗದ ಬಟ್ಟೆ ಅತಿಯಾಗಿ. ಇದೇ ಚೌಕುಳಿ, ಇದೇ ಗುಡಿಯಂಚು ವಿದ್ಯುತ್ ಮಗ್ಗದಲ್ಲಿ ಪಾಲಿಯೆಸ್ಟರ್‌ನಲ್ಲಿ ಬರುತ್ತದೆ, ಕಾಲು ಭಾಗ ಬೆಲೆಗೆ ಬಿಕರಿಯಾಗುತ್ತದೆ. ಸೀರೆಯೂ ಸೇರಿದ ಹಾಗೆ ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ ಕಾಯ್ದೆ 1985ರದು. ಕಾಯ್ದೆ ಪುಸ್ತಕದಲ್ಲಿದೆ, ನಕಲು ಬಜಾರಿನಲ್ಲಿದೆ. 2019-20ರ ಕೈಮಗ್ಗ ಗಣತಿಯಲ್ಲಿ ದೇಶದ ಕೈಮಗ್ಗ ಕುಟುಂಬಗಳ ಮೂರರಲ್ಲಿ ಎರಡು ಪಾಲು ತಿಂಗಳಿಗೆ 5000 ರೂಪಾಯಿಗಿಂತ ಕಡಿಮೆ ಗಳಿಸುತ್ತವೆ ಎಂದು ಕಂಡುಬಂತು. ಆ ಗಣತಿಯಲ್ಲಿ ಎಣಿಸಿದ ಕೈಗಳು 35 ಲಕ್ಷಕ್ಕೂ ಹೆಚ್ಚು.

ಸರ್ಕಾರದ ಔದಾರ್ಯವನ್ನೂ ಇಲ್ಲಿ ನೆನೆಯಬೇಕು. 2017ರಲ್ಲಿ ತೆಲಂಗಾಣ ಸರ್ಕಾರ ಬತುಕಮ್ಮ ಹಬ್ಬಕ್ಕೆ ರಾಜ್ಯದ ರೇಷನ್ ಕಾರ್ಡಿನ ಮನೆಗಳ ಹೆಂಗಸರಿಗೆ ಸೀರೆ ಹಂಚಲು ಶುರುಮಾಡಿತು. ಸುಮಾರು ಒಂದು ಕೋಟಿ ಸೀರೆ. ಮೊದಲ ವರ್ಷ ಬಟ್ಟೆಯ ಗುಣ ನೋಡಿ ಕೆಲವು ಕಡೆ ಹೆಂಗಸರು ಬೀದಿಯಲ್ಲೇ ಸೀರೆ ಸುಟ್ಟರು. ಆದರೂ ಆ ಯೋಜನೆಯಲ್ಲಿ ಒಂದು ವಿವೇಕವಿತ್ತು: ಸಿರಿಸಿಲ್ಲದ ವಿದ್ಯುತ್ ಮಗ್ಗದವರಿಗೆ ಅದರಿಂದ ತಿಂಗಳುಗಟ್ಟಲೆ ಕೆಲಸ ಸಿಕ್ಕಿತು. ಸಾಲದಲ್ಲಿ ಮುಳುಗಿ ಜೀವ ಕಳೆದುಕೊಂಡ ನೇಕಾರರ ಊರು ಅದು. ಅವರ ಮನೆಯ ಒಲೆ ಉರಿಯಿತು ಎಂಬುದನ್ನು ನಾನು ಸಣ್ಣ ಮಾತೆಂದು ತಿಳಿಯುವುದಿಲ್ಲ. ಕೆಲಸ ಕೊಟ್ಟದ್ದು ಮನೆ ನಡೆಸಿತು, ಸೀರೆ ಕೊಟ್ಟದ್ದು ಸವೆಯಿತು.

ವ್ಯಾನು ಮತ್ತೆ ಮಕ್ತಲ್‌ಗೆ ಬಂದು ಜುರಾಲಾ ಅಣೆಕಟ್ಟಿನ ಮೇಲಿಂದ ಗದ್ವಾಲಕ್ಕೆ ಹೋಗುವ ದಾರಿ ಹಿಡಿಯುತ್ತದೆ. ಅಣೆಕಟ್ಟಿನ ಮೇಲೆ ಹೋಗುವಾಗ ಬಲಕ್ಕೆ ಕಡಲಿನಷ್ಟು ನೀರು, ಎಡಕ್ಕೆ ಬಂಡೆಗಳ ನಡುವೆ ಹರಿಯುವ ಕೃಷ್ಣೆ. ಆಚೆ ದಡ ಗದ್ವಾಲದ್ದು. 1956ರ ವರೆಗೆ ಗದ್ವಾಲ, ಆಲಂಪುರ ಎರಡೂ ರಾಯಚೂರು ಜಿಲ್ಲೆಯ ತಾಲ್ಲೂಕುಗಳು. ರಾಜ್ಯ ವಿಂಗಡಣೆಯಾದಾಗ ರಾಯಚೂರು ಮೈಸೂರಿಗೆ ಬಂತು, ಇವೆರಡು ಆಂಧ್ರಕ್ಕೆ ಹೋದವು. ಹಳಬರ ಮನೆಗಳಲ್ಲಿ ಹೆಣ್ಣು ತರುವುದು ಕೊಡುವುದು ಇವತ್ತಿಗೂ ಎರಡೂ ಕಡೆಗೆ ನಡೆದಿದೆ.

ಗದ್ವಾಲದ ಮಗ್ಗದ ಮುಂದೆ ನಿಂತರೆ ಹೊತ್ತು ಹೋಗುವುದು ತಿಳಿಯುವುದಿಲ್ಲ. ಮೈಗೆ ಹತ್ತಿ, ಅಂಚಿಗೆ ರೇಷ್ಮೆ. ಎರಡು ಬೇರೆ ಜಾತಿಯ ನೂಲು, ಬೇರೆ ಬೇರೆ ಬಣ್ಣದ ಪಾತ್ರೆಯಿಂದ ಬಂದದ್ದು. ಅವನ್ನು ಹೊಲಿಯುವುದಿಲ್ಲ, ನೇಯುತ್ತಲೇ ಬೆಸೆಯುತ್ತಾರೆ. ಮೂರು ಲಾಳಿ: ಮೈಗೊಂದು, ಎರಡೂ ಅಂಚಿಗೆ ಒಂದೊಂದು. ಮೈಯ ಲಾಳಿ ಅಂಚಿನ ಗಡಿಗೆ ಬಂದು ನಿಲ್ಲುತ್ತದೆ, ಅಂಚಿನ ಎಳೆ ಅದನ್ನು ಸುತ್ತಿ ಹಿಡಿದು ತಿರುಗುತ್ತದೆ, ಹಲಗೆ ಬಂದು ಬಡಿಯುತ್ತದೆ. ಮತ್ತೆ ಅದೇ. ಪ್ರತಿ ಎಳೆಗೂ ಎರಡು ಕಡೆ ಹೀಗೆ ಕೈಬೆರಳಿನ ಕೆಲಸ. ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ ಕೂತಿದ್ದಾರೆ. ಇಬ್ಬರೂ ಮಾತಾಡುವುದಿಲ್ಲ. ಒಂದು ಎಳೆ ತಪ್ಪಿದರೆ ಅಂಚು ಸೆಳೆಯುತ್ತದೆ, ಸೀರೆಯ ಬೆಲೆ ಬೀಳುತ್ತದೆ. ಹೀಗೆ ನೇಯ್ದ ಸೀರೆಯನ್ನು ಬೆಂಕಿಪೊಟ್ಟಣದಲ್ಲಿ ಮಡಚಿಡಬಹುದು ಎಂಬ ಮಾತು ಈ ಊರಿನ ಹೆಮ್ಮೆ.

ಇನ್ನೊಂದು ಹೆಮ್ಮೆ ತಿರುಪತಿಯದು. ಬ್ರಹ್ಮೋತ್ಸವದ ಹೊತ್ತಿಗೆ ವೆಂಕಟೇಶ್ವರನಿಗೆ ಉಡಿಸುವ ಏರುವಾಡ ಜೋಡು ಪಂಚೆ ಗದ್ವಾಲದಿಂದಲೇ ಹೋಗಬೇಕು. ಸಂಸ್ಥಾನದ ಕಾಲದಿಂದ ಬಂದ ಪದ್ಧತಿ. ನೇಯುವವರು 41 ದಿನ ವ್ರತ ಹಿಡಿದು ನೇಯುತ್ತಾರೆ. ಅದಕ್ಕೆ ಮೀಸಲಾದ ಕೈಗಳು ಈ ಓಣಿಯವು.

2009ರ ನೆರೆಯಲ್ಲಿ ಇಂಥ ಕೈಗಳಿಗೆ ಏನು ಕೊಟ್ಟರು ಎಂದು ಕೇಳಬೇಕಾದರೆ ಇನ್ನೂ ಮುಂದೆ, ಐಜಾ ದಾಟಿ, ಶಾಂತಿನಗರ ದಾಟಿ ತುಂಗಭದ್ರೆಯ ದಡಕ್ಕೆ ಹೋಗಬೇಕು. ಸಂಜೆಯಾಗಿದೆ. ಊರು ರಾಜೋಳಿ, ಗದ್ವಾಲ ಸೀರೆಯ ನೇಕಾರರ ದೊಡ್ಡ ನೆಲೆ. ಆ ವರ್ಷದ ಸೆಪ್ಟೆಂಬರ್ ಕಡೆಯಲ್ಲಿ ಉತ್ತರ ಕರ್ನಾಟಕದ ಮೇಲೆ ಬಿದ್ದ ಮಳೆ ಎರಡೂ ಹೊಳೆಗಳಲ್ಲಿ ಇಳಿದು ಬಂತು. ಅಕ್ಟೋಬರ್ 2ಕ್ಕೆ ಕರ್ನೂಲು ಮುಳುಗಿತು, ಮಂತ್ರಾಲಯ ಮುಳುಗಿತು, ರಾಜೋಳಿಯೂ ಮುಳುಗಿತು. ಶ್ರೀಶೈಲದ ಅಣೆಕಟ್ಟಿಗೆ ಅದು ತಾಳಬೇಕೆಂದು ಎಣಿಸಿದ್ದ 19 ಲಕ್ಷ ಕ್ಯುಸೆಕ್ಸ್ ಮೀರಿ 25 ಲಕ್ಷದಷ್ಟು ನೀರು ಬಂದು ಬಡಿಯಿತು.

ಕುಣಿಮಗ್ಗ ಇರುವ ಮನೆಗೆ ನೀರು ಬಂದರೆ ಮೊದಲು ತುಂಬುವುದು ಮಗ್ಗದ ಕುಣಿಯೇ. "ಮನೀ ಒಳಗ ಮೊಣಕಾಲು ಮಟ್ಟ ಬರೋದ್ರಾಗ ಮಗ್ಗ ಪೂರಾ ನೀರಾಗಿತ್ರಿ" ಎನ್ನುತ್ತಾರೆ ಒಬ್ಬ ಹಿರಿಯರು, ಕಟ್ಟೆಯ ಮೇಲೆ ಕೂತು. ಹಾಸು ಕೆಸರಿನಲ್ಲಿ ಕಲಸಿಹೋಯಿತು, ರೇಷ್ಮೆ ನೂಲು ಮುದ್ದೆಯಾಯಿತು, ಜಕಾರ್ಡ್‌ನ ರಟ್ಟು ಕೊಳೆಯಿತು, ಅಚ್ಚಿಗೆ ತುಕ್ಕು ಬಂತು. ನೂಲು ಸಾಹುಕಾರರದು, ಅದರ ಲೆಕ್ಕ ಇವರ ತಲೆಯ ಮೇಲೆ.

ಆಮೇಲೆ ಲಾರಿಗಳು ಬಂದವು. ಅಕ್ಕಿ, ಬೇಳೆ, ನೀರು, ಹೊದಿಕೆ ತಂದವರನ್ನು ಅವರು ಇವತ್ತಿಗೂ ಕೈಮುಗಿದು ನೆನೆಯುತ್ತಾರೆ. ಅದು ಬದುಕಿಸಿತು. ಜೊತೆಗೆ ಹಳೆಬಟ್ಟೆಯ ಮೂಟೆಗಳೂ ಬಂದವು. ಲಾರಿಯ ಮೇಲೆ ನಿಂತವರು ಕೆಳಗೆ ನಿಂತವರ ಕಡೆಗೆ ಎಸೆದರು. "ನಮ್ಮ ಹೆಣಮಕ್ಕಳು ಕೈ ಚಾಚಲಿಲ್ರಿ. ಒದ್ದೀ ಅರಿವಿ ಮ್ಯಾಲೇ ಎರಡು ದಿನ ಇದ್ರು." ಬೇಡವಾದ ಬಟ್ಟೆ ರಸ್ತೆಯ ಬದಿಯ ಕೆಸರಿನಲ್ಲಿ ಉಳಿಯಿತು. 2004ರ ಸುನಾಮಿಯ ಮೇಲೆ ತಮಿಳುನಾಡಿನ ಕರಾವಳಿಯ ರಸ್ತೆಗಳಲ್ಲೂ ಇದೇ ಆಗಿತ್ತು. ಬೆಟ್ಟದಷ್ಟು ಹಳೆಬಟ್ಟೆ ಬಿದ್ದು, ಅದನ್ನು ಆರಿಸಿ ವಿಂಗಡಿಸುವುದೇ ಬೇರೆಯೊಂದು ಪರಿಹಾರ ಕೆಲಸವಾಯಿತು. ಐದು ವರ್ಷದ ಮೇಲೂ ನಮ್ಮ ನಗರಗಳು ಮೂಟೆಯನ್ನೇ ಕಟ್ಟಿದವು. ಅದಾಗಿ ಹತ್ತು ವರ್ಷದ ಮೇಲೆ, 2019ರ ನೆರೆಯಲ್ಲೂ ಕಟ್ಟಿದವು.

ಮನೆಯ ದಾನವೂ ಹೀಗೆ ದಾರಿ ತಪ್ಪಿದ್ದುಂಟು. ಗಡಿಯಾಚೆ ಕರ್ನಾಟಕದಲ್ಲಿ 2009ರ ನೆರೆಯ ನಂತರ ಆಸರೆ ಯೋಜನೆಯಲ್ಲಿ ಕಂಪನಿಗಳು, ಮಠಗಳು, ದಾನಿಗಳು ಸಾವಿರಾರು ಮನೆ ಕಟ್ಟಿಸಿದರು. ಎಷ್ಟೋ ಮನೆಗಳಿಗೆ ಜನ ಹೋಗಲಿಲ್ಲ. ಹೊಲ ದೂರವಾಯಿತು, ದನ ಕಟ್ಟಲು ಜಾಗವಿರಲಿಲ್ಲ, ಕಾಳು ಹರಡಲು ಅಂಗಳವಿರಲಿಲ್ಲ. ನೇಕಾರನಿಗೆ ಮನೆ ಕಟ್ಟಿಕೊಡುವವರು ಮೊದಲು ಕೇಳಬೇಕಾದದ್ದು ಮಗ್ಗ ಎಲ್ಲಿ ಕೂರುತ್ತದೆ ಎಂದು. ಹಾಸು ಚಾಚಲು ಎಷ್ಟು ಉದ್ದ ಬೇಕು, ಕುಣಿ ತೋಡಲು ನೆಲ ಮಣ್ಣಿನದೋ ಸಿಮೆಂಟಿನದೋ ಎಂದು. ಬಾಗಿಲ ಮೇಲೆ ಯಾರ ಹೆಸರು ಕೆತ್ತಬೇಕು ಎಂಬುದು ಆಮೇಲಿನ ಮಾತು.

"ಆಗ ನಿಮ್ಮನ್ನ ಎತ್ತಿ ನಿಲ್ಲಿಸಿದ್ದು ಯಾವುದು ತಾತಾ?" ಎಂದು ಹುಡುಗಿ ಕೇಳುತ್ತಾಳೆ. ಬೆಳಿಗ್ಗೆಯಿಂದ ಆಕೆ ಕೇಳಿದ ಮೊದಲ ಪ್ರಶ್ನೆ ಇದು.

ಹಿರಿಯರು ಯೋಚಿಸುತ್ತಾರೆ. "ಒಬ್ಬ ಸಾಹುಕಾರ ಹಳೇ ನೂಲಿನ ಬಾಕಿ ಆಮ್ಯಾಲೆ ನೋಡೋಣ ಅಂದು ಹೊಸಾ ನೂಲು ಕೊಟ್ಟ. ಅದು. ಆಮೇಲೆ ಬಡಿಗ್ಯಾ. ಅವ ದುಡ್ಡಿಗೆ ಕಾಯಲಿಲ್ಲ, ಒಂದೊಂದೇ ಮಗ್ಗ ರಿಪೇರಿ ಮಾಡಿಕೊಟ್ಟ." ಅಷ್ಟು ಹೇಳಿ ಒಳಗೆ ತಿರುಗಿ ಸೊಸೆಯನ್ನು ಕರೆಯುತ್ತಾರೆ.

ಸೊಸೆ ಕೈ ಒರೆಸಿಕೊಂಡು ಬಂದು ಚಾಪೆಯ ಮೇಲೆ ಕೂರುತ್ತಾಳೆ. ಮೂಟೆಗಳ ಕಥೆ ಆಕೆಗೆ ಆಗಲೇ ಗೊತ್ತಾಗಿದೆ. "ನಿಮ್ಮ ಅಪಾರ್ಟ್‌ಮೆಂಟಿನಾಗ ಎಷ್ಟು ಮನೀ ಅದಾವವ್ವಾ?" ಎನ್ನುತ್ತಾಳೆ. ಆರುನೂರು ಎಂದು ಉತ್ತರ. ಆಕೆ ಬೆರಳು ಮಡಚುತ್ತಾಳೆ. ಒಂದು ಮಗ್ಗ ತಿಂಗಳಿಗೆ ನಾಲ್ಕು ಸೀರೆ ಇಳಿಸುತ್ತದೆ, ನೂಲು ತಪ್ಪದೆ ಬಂದರೆ. ವರ್ಷಕ್ಕೆ ನಲವತ್ತೆಂಟು. "ಮನಿಗೊಂದು ಸೀರಿ ಅಂದ್ರ ಹನ್ನೆರಡು ಮಗ್ಗಕ್ಕ ವರ್ಷ ಪೂರಾ ಕೆಲಸ. ಹನ್ನೆರಡು ಮಗ್ಗ ಅಂದ್ರ ಇಪ್ಪತ್ನಾಕು ಮಂದಿ. ನೂಲು ಸುತ್ತೋರು, ಬಣ್ಣ ಹಾಕೋರು ಬ್ಯಾರೆ."

ಹುಡುಗಿ ಫೋನು ತೆಗೆಯುತ್ತಾಳೆ. ಈ ಸಲ ಫೋಟೋಕ್ಕಲ್ಲ. ಬರೆದುಕೊಳ್ಳಲು. ಅಮ್ಮನಿಗೊಂದು ಬೇಕು, ಸಂಕ್ರಾಂತಿಗೆ, ಸಾಸಿವೆ ಬಣ್ಣ, ಹಸಿರಂಚು, ಬೆಲೆ ಕಡಿಮೆ ಮಾಡುವುದು ಬೇಡ ಎನ್ನುತ್ತಾಳೆ.

"ಸಂಕ್ರಾಂತಿ ಅಂದ್ರ ಇವತ್ತೇ ಹೇಳಬೇಕು ನೋಡವ್ವಾ" ಎನ್ನುತ್ತಾಳೆ ಸೊಸೆ. "ಬಣ್ಣ ಹಾಕಸಬೇಕು, ಹಾಸು ಹೂಡಬೇಕು. ಈಗಿರೋ ಸೀರಿ ಮುಗಿದ ಮ್ಯಾಲೆ ನಿಂದು. ಬ್ಲೌಸ್ ಪೀಸ್ ಅದರಾಗೇ ಬರಬೇಕೋ ಬ್ಯಾರೇನೋ ಹೇಳು. ಅರ್ಧ ರೊಕ್ಕ ಮುಂಗಡ. ಉಳಿದದ್ದು ಸೀರಿ ಕೈಗೆ ಬಂದ ಮ್ಯಾಲೆ."